ಕೆನಡಾದ ಆನ್‌ಲೈನ್ ಕ್ಯಾಸಿನೊ: ‘ಶುಲ್ಕವಿಲ್ಲ’ ಎಂದ ಮೇಲೂ ಕಾರ್ಡಿನಲ್ಲಿ ಹಣ ಕಡಿತವಾಗುವುದೇಕೆ?

ಕಟಪಾಡಿ ನಿವೃತ್ತ

ನನ್ನ ಮಗ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಕಾಯಂ ನಿವಾಸಿ, ವಯಸ್ಸು 31. ಕಳೆದ ತಿಂಗಳು ಮನೆಯಲ್ಲಿ ತಂಬಿಲ ಇದ್ದುದರಿಂದ ಊರಿಗೆ ಬಂದಿದ್ದ. ಒಂದು ಸಂಜೆ ತನ್ನ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನು ಫೋನಿನಲ್ಲಿ ತೋರಿಸಿ, “ಅಪ್ಪ, ನೀವು ಬ್ಯಾಂಕಿನಲ್ಲಿದ್ದವರು, ಇದರಲ್ಲಿ ಬ್ಯಾಂಕಿನವರ ತಪ್ಪು ಎಲ್ಲಿದೆ ಹೇಳಿ” ಎಂದ. ನೋಡಿದರೆ ಆನ್‌ಲೈನ್ ಕ್ಯಾಸಿನೊ ಒಂದಕ್ಕೆ ಹತ್ತು ದಿನಗಳೊಳಗೆ ನಾಲ್ಕು ಬಾರಿ ತಲಾ 100 ಡಾಲರ್ ಹಾಕಿದ್ದಾನೆ. ಪ್ರತಿಯೊಂದರ ಕೆಳಗೂ 5 ಡಾಲರ್ ಶುಲ್ಕದ ನಮೂದಿದೆ; ಕೊನೆಯಲ್ಲಿ ಆರು ಡಾಲರ್ ಚಿಲ್ಲರೆ ಬಡ್ಡಿಯೂ ಇದೆ. ಅವನು ಪ್ರತಿ ತಿಂಗಳೂ ಗಡುವಿಗೆ ಮೊದಲೇ ಬಿಲ್ಲನ್ನು ಪೂರ್ತಿಯಾಗಿ ತೀರಿಸುವವನು. ಕ್ಯಾಸಿನೊದ ಪುಟದಲ್ಲಿ ಹಣ ಜಮೆ ಮಾಡಲು ಯಾವ ಶುಲ್ಕವೂ ಇಲ್ಲವೆಂದು ದಪ್ಪ ಅಕ್ಷರಗಳಲ್ಲಿಯೇ ಬರೆದಿದೆ. ಹಾಗಿದ್ದರೆ ಸುಳ್ಳು ಹೇಳಿದವರು ಯಾರು, ಬ್ಯಾಂಕೋ ಕ್ಯಾಸಿನೊವೋ?

ನನಗೆ ಈ ಜುಗಾರಿ ವಿಷಯವೇ ಹಿಡಿಸುವುದಿಲ್ಲ; ಊರ ಜಾತ್ರೆಯ ಕೋಳಿ ಅಂಕವನ್ನೂ ದೂರದಿಂದ ನೋಡಿದವನು. ಆದರೆ ತನ್ನ ದುಡಿಮೆಯ ಹಣದಲ್ಲಿ, ಅಲ್ಲಿನ ಕಾನೂನು ಒಪ್ಪುವ ಕಡೆ ಆಡುತ್ತೇನೆ ಎನ್ನುವ ಪ್ರಾಯದ ಮಗನಿಗೆ ಉಪದೇಶ ಮಾಡುವುದಕ್ಕಿಂತ ಲೆಕ್ಕ ತೋರಿಸುವುದು ಮೇಲೆಂದು ನನಗೆ ತೋರಿತು. ಆದ್ದರಿಂದ ಅಲ್ಲಿ ಹಣ ಜಮೆ ಮಾಡಲು ಬೇರೆ ಯಾವ ದಾರಿಗಳಿವೆ, ಅವುಗಳ ಮಿತಿ ಮತ್ತು ಖರ್ಚು ಎಷ್ಟು ಎಂಬುದನ್ನು ತಿಳಿದವರು ಹೇಳಬೇಕು. ಇನ್ನೊಂದು ವಿಷಯ: ಇಲ್ಲಿದ್ದಾಗ ಅವನು ಆ ಆ್ಯಪ್ ತೆರೆಯಲು ನೋಡಿದರೆ ‘ನೀವು ಒಂಟಾರಿಯೊದಲ್ಲಿಲ್ಲ’ ಎಂದು ಬಂತು. ಊರಿಗೆ ಬಂದಾಗ ಇಲ್ಲಿಂದಲೇ ಹಣ ಹಾಕಲು ಅಥವಾ ಅವನ ಪರವಾಗಿ ನಾನು ಕಳುಹಿಸಲು ಅವಕಾಶವಿದೆಯೇ?

ಟೊರೊಂಟೊ ಕರಾವಳಿ

ಹಿರಿಯರೇ, ನಾನು ಮೂಲ್ಕಿಯವನು. ಇಲ್ಲಿ ಹಣಪಾವತಿ ಸಂಸ್ಥೆಯೊಂದರಲ್ಲಿ ಲೆಕ್ಕ ತಾಳೆ ನೋಡುವ ಕೆಲಸ ಮಾಡುತ್ತೇನೆ. ನಿಮ್ಮ ಮಗನ ಸ್ಟೇಟ್‌ಮೆಂಟಿನಲ್ಲಿ ಇಬ್ಬರೂ ಸುಳ್ಳು ಹೇಳಿಲ್ಲ. ಕ್ಯಾಸಿನೊ ತನ್ನ ಪಾಲಿನ ಶುಲ್ಕ ತೆಗೆದುಕೊಂಡಿಲ್ಲ, ಬ್ಯಾಂಕು ತನ್ನ ಪಾಲಿನದನ್ನು ಬಿಟ್ಟಿಲ್ಲ. ಕಾರ್ಡಿನ ವ್ಯವಹಾರದಲ್ಲಿ ಪ್ರತಿಯೊಂದು ಬಗೆಯ ವ್ಯಾಪಾರಕ್ಕೂ ನಾಲ್ಕಂಕಿಯ ಸಂಕೇತವಿರುತ್ತದೆ. ಜೂಜಿನ ಸಂಕೇತ 7995. ಈ ಸಂಕೇತ ಹೊತ್ತು ಬಂದ ಪಾವತಿಯನ್ನು ಕೆನಡಾದ ಬಹಳಷ್ಟು ಬ್ಯಾಂಕುಗಳು ಅಂಗಡಿಯ ಖರೀದಿಯೆಂದು ಪರಿಗಣಿಸುವುದಿಲ್ಲ, ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ನೋಟು ತೆಗೆದಂತೆ, ಅಂದರೆ ಕ್ಯಾಶ್ ಅಡ್ವಾನ್ಸ್ ಎಂದು ಬರೆದುಕೊಳ್ಳುತ್ತವೆ. ಖರೀದಿಗೆ ಸಿಗುವ ಬಡ್ಡಿರಹಿತ ದಿನಗಳು ಕ್ಯಾಶ್ ಅಡ್ವಾನ್ಸಿಗೆ ಸಿಗುವುದಿಲ್ಲ; ಹಣ ಹೋದ ದಿನದಿಂದಲೇ ಬಡ್ಡಿ ಓಡಲು ತೊಡಗುತ್ತದೆ. ಗಡುವಿನೊಳಗೆ ಪೂರ್ತಿ ತೀರಿಸಿದರೂ ಬಡ್ಡಿ ಬಿದ್ದದ್ದು ಈ ಕಾರಣಕ್ಕೆ. ಇಂತಹ ಮುಂಗಡಕ್ಕೆ ಶೇ. 22.99ರ ವಾರ್ಷಿಕ ದರ ಇಲ್ಲಿ ಸಾಮಾನ್ಯ. ಆ ದರದಲ್ಲಿ 400 ಡಾಲರಿಗೆ ಮೂವತ್ತು ದಿನಕ್ಕೆ 7 ಡಾಲರ್ 56 ಸೆಂಟ್ ಆಗುತ್ತದೆ. ನಾಲ್ಕು ಕಂತುಗಳು ಬೇರೆ ಬೇರೆ ದಿನ ಹೋಗಿರುವುದರಿಂದ ನಿಮಗೆ ಕಂಡ ಆರು ಡಾಲರ್ ಚಿಲ್ಲರೆ ಸರಿಯಾಗಿಯೇ ಇದೆ. ಶುಲ್ಕದ 20 ಡಾಲರ್ ಸೇರಿಸಿದರೆ, ಒಂದು ಆಟವನ್ನೂ ಆಡುವ ಮೊದಲೇ ಶೇ. 6.5ರಷ್ಟು ಹೋಯಿತು. ಅದೇ 400 ಡಾಲರನ್ನು ಒಂದೇ ಸಲ ಹಾಕಿದ್ದರೆ ಶುಲ್ಕ 5 ಡಾಲರಿಗೆ ಮುಗಿಯುತ್ತಿತ್ತು ಎಂಬುದು ಲೆಕ್ಕದ ಮಾತು; ಹಾಗೆ ಮಾಡಿ ಎಂಬ ಸಲಹೆಯಲ್ಲ. ಕ್ಯಾಶ್ ಅಡ್ವಾನ್ಸಿನ ಮಿತಿ ಕಾರ್ಡಿನ ಒಟ್ಟು ಮಿತಿಗಿಂತ ಬಹಳ ಕಡಿಮೆ ಇರುತ್ತದೆ. ಕೆಲವು ಬ್ಯಾಂಕುಗಳಂತೂ ಈ ಸಂಕೇತದ ಪಾವತಿಯನ್ನು ತಿರಸ್ಕರಿಸಿಯೇ ಬಿಡುತ್ತವೆ.

ಇಲ್ಲಿನವರು ಹೆಚ್ಚಾಗಿ ಬಳಸುವ ದಾರಿ ಇಂಟರಾಕ್. ನಮ್ಮೂರಿನ ಯುಪಿಐಗೆ ಹೋಲಿಸಬಹುದಾದ, ಆದರೆ ಅದಕ್ಕಿಂತ ಹಳೆಯ ವ್ಯವಸ್ಥೆ ಇದು. ಇಂಟರಾಕ್ ಜಾಲ ಆರಂಭವಾದದ್ದು 1984ರಲ್ಲಿ. ಇದರ ಇ-ಟ್ರಾನ್ಸ್‌ಫರ್‌ನಲ್ಲಿ ಹಣ ನೇರವಾಗಿ ನಿಮ್ಮ ಖಾತೆಯಿಂದ ಹೋಗುವುದರಿಂದ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ. ಹೆಚ್ಚಿನ ಖಾತೆಗಳಲ್ಲಿ ಕಳುಹಿಸುವುದು ಉಚಿತ. ಕೆಲವು ಅಗ್ಗದ ಖಾತೆಗಳಲ್ಲಿ ಮಾತ್ರ ಪ್ರತಿ ಬಾರಿಗೆ ಒಂದು, ಒಂದೂವರೆ ಡಾಲರ್ ಬೀಳುತ್ತದೆ, ಇಲ್ಲವೇ ತಿಂಗಳಿಗೆ ಇಂತಿಷ್ಟೇ ವ್ಯವಹಾರ ಎಂಬ ನಿಯಮವಿರುತ್ತದೆ. ಮಿತಿಯಲ್ಲಿ ಎರಡು ಬಾಗಿಲುಗಳಿವೆ. ಬ್ಯಾಂಕಿನದು ಒಂದು, ಹಲವು ಕಡೆ 24 ಗಂಟೆಗೆ 3,000 ಡಾಲರ್. ಕ್ಯಾಸಿನೊದ್ದು ಇನ್ನೊಂದು, ಸಾಮಾನ್ಯವಾಗಿ ಕನಿಷ್ಠ 10 ಅಥವಾ 20 ಡಾಲರ್, ಗರಿಷ್ಠ ಒಂದೊಂದು ಕಡೆ ಒಂದೊಂದು ರೀತಿ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುವುದು. ಖಾತೆಗೆ ಜೋಡಿಸಿದ ವೀಸಾ ಡೆಬಿಟ್ ಕಾರ್ಡಿನಲ್ಲೂ ಬಡ್ಡಿಯ ಪ್ರಶ್ನೆ ಬರುವುದಿಲ್ಲ.

ಸ್ಕ್ರಿಲ್, ನೆಟೆಲ್ಲರ್ ಮೊದಲಾದ ವಾಲೆಟ್‌ಗಳಲ್ಲಿ ಖರ್ಚು ಎರಡು ಹಂತಗಳಲ್ಲಿ ಅಡಗಿರುತ್ತದೆ: ವಾಲೆಟ್ಟಿಗೆ ಹಣ ತುಂಬುವಾಗ ಅಥವಾ ಅದರಿಂದ ಬ್ಯಾಂಕಿಗೆ ಮರಳಿಸುವಾಗ. ಬಳಸದೆ ಬಿಟ್ಟ ವಾಲೆಟ್ಟಿನಿಂದ ತಿಂಗಳಿಗಿಷ್ಟೆಂದು ಮುರಿದುಕೊಳ್ಳುವ ಪದ್ಧತಿಯೂ ಇದೆ. ಪೇಸೇಫ್‌ಕಾರ್ಡ್ ಅಂಗಡಿಯಲ್ಲಿ ಸಿಗುವ ಪ್ರೀಪೇಯ್ಡ್ ಚೀಟಿ. ಕೈಯಲ್ಲಿದ್ದಷ್ಟೇ ಖರ್ಚು ಎಂಬ ಹಿಡಿತ ಅದರಲ್ಲಿದೆ, ಆದರೆ ಗೆದ್ದ ಹಣವನ್ನು ಮರಳಿ ಪಡೆಯಲು ಬೇರೆ ದಾರಿಯೇ ಬೇಕು.

ಇದಕ್ಕಿಂತ ಮುಖ್ಯವಾದದ್ದು ಕ್ಯಾಸಿನೊ ಎಲ್ಲಿಯದೆಂಬುದು. ಒಂಟಾರಿಯೊದಲ್ಲಿ ಖಾಸಗಿ ಕಂಪನಿಗಳಿಗೆ ಅವಕಾಶ ಕೊಟ್ಟ ನಿಯಂತ್ರಿತ ಮಾರುಕಟ್ಟೆ ತೆರೆದದ್ದು 2022ರ ಏಪ್ರಿಲ್ 4ರಂದು. ಪರವಾನಗಿ ಮತ್ತು ನಿಯಮಗಳನ್ನು ನೋಡಿಕೊಳ್ಳುವುದು ಪ್ರಾಂತ್ಯದ ಮದ್ಯ ಮತ್ತು ಜೂಜು ಆಯೋಗ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ಲೇನೌ, ಕ್ವಿಬೆಕ್‌ನಲ್ಲಿ ಲೊಟೊ-ಕ್ವಿಬೆಕ್ ಹೀಗೆ ಪ್ರಾಂತ್ಯದ ಸರಕಾರಿ ಸಂಸ್ಥೆಗಳದೇ ತಾಣಗಳಿವೆ. ಇವಲ್ಲದೆ ಕುರಸಾವ್, ಮಾಲ್ಟಾ ಮೊದಲಾದ ಕಡೆಗಳ ಪರವಾನಗಿ ತೋರಿಸುವ ಹೊರದೇಶದ ತಾಣಗಳು ಕೆನಡಾದವರನ್ನು ಕರೆಯುತ್ತಲೇ ಇರುತ್ತವೆ. ಅಂತಹ ತಾಣ ಖಾತೆಯನ್ನು ಅಮೆರಿಕದ ಡಾಲರ್ ಅಥವಾ ಯೂರೊದಲ್ಲಿ ಇಟ್ಟಿದ್ದರೆ, ಕೆನಡಾದ ಹೆಚ್ಚಿನ ಕಾರ್ಡುಗಳು ವಿದೇಶಿ ನಾಣ್ಯದ ವ್ಯವಹಾರಕ್ಕೆ ಹಾಕುವ ಶೇ. 2.5 ಮೇಲಿನ ಎಲ್ಲದಕ್ಕೂ ಸೇರುತ್ತದೆ. ಬಿಟ್‌ಕಾಯಿನ್ ಸ್ವೀಕರಿಸುತ್ತೇವೆ ಎಂಬ ಫಲಕ ಕಂಡರೆ ಅದು ಒಂಟಾರಿಯೊದ ನೋಂದಾಯಿತ ತಾಣವಲ್ಲವೆಂದು ತಿಳಿಯಬಹುದು. ಇಲ್ಲಿನ ನಿಯಮದಲ್ಲಿ ಕ್ರಿಪ್ಟೊ ಸ್ವೀಕಾರಕ್ಕೆ ಅವಕಾಶವಿಲ್ಲ. ನಿಮ್ಮ ಮಗನ ಆ್ಯಪ್ ಕಟಪಾಡಿಯಲ್ಲಿ ತೆರೆಯಲಿಲ್ಲವೆಂದರೆ ಅದು ಬಹುಶಃ ನೋಂದಾಯಿತವೇ ಇರಬೇಕು, ಆಡುವವನು ಪ್ರಾಂತ್ಯದ ಗಡಿಯೊಳಗೆ ಇರಲೇಬೇಕೆಂಬುದು ಇಲ್ಲಿನ ಕಟ್ಟಳೆ.

ಕದ್ರಿ ಲೆಕ್ಕಪತ್ರ

ಭಾರತದ ಕಡೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಇಲ್ಲಿಂದ ಹಣ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದಿದ್ದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ಮಾತ್ರವಲ್ಲ, ಅವುಗಳಿಗೆ ಬ್ಯಾಂಕು ಮತ್ತು ಪಾವತಿ ಸಂಸ್ಥೆಗಳು ಹಣ ಸಾಗಿಸುವುದನ್ನೂ ಅದು ನಿಷೇಧಿಸುತ್ತದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲವೆಂಬುದು ನಿಜವಾದರೂ, ಹಣ ಸಾಗುವ ದಾರಿಯೇ ಮುಚ್ಚಿರುವಾಗ ಅದರಿಂದ ನಿಮಗೇನೂ ಪ್ರಯೋಜನವಿಲ್ಲ. ಆನ್‌ಲೈನ್ ಜೂಜನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ಕಾನೂನು ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತ್ತು, ಆದ್ದರಿಂದ ಇಲ್ಲಿ ಅಡ್ಡಿಯಿಲ್ಲ ಎಂದು ಈಗಲೂ ವಾದಿಸುವವರನ್ನು ನಾನು ಕಂಡಿದ್ದೇನೆ. ಕೇಂದ್ರದ ಕಾಯ್ದೆ ಬಂದ ಮೇಲೆ ಆ ವಾದ ಹಳೆಯದಾಯಿತು.

ನೀವು ಕಳುಹಿಸುವ ವಿಷಯ. ನಿವಾಸಿ ಭಾರತೀಯರು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದೆಂಬುದು ಸರಿ. ಆದರೆ 2000ದ ಚಾಲ್ತಿ ಖಾತೆ ವ್ಯವಹಾರಗಳ ನಿಯಮಗಳ ಮೊದಲ ಅನುಸೂಚಿ ಲಾಟರಿ ಟಿಕೆಟು, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇಂಥವುಗಳಿಗೆ ಹಣ ಕಳುಹಿಸುವುದನ್ನು ಹೆಸರು ಹೇಳಿಯೇ ತಡೆದಿದೆ. ಹೊರದೇಶಕ್ಕೆ ಹಣ ಕಳುಹಿಸಲು ಬ್ಯಾಂಕಿಗೆ ಕೊಡುವ ಎ2 ನಮೂನೆಯಲ್ಲಿ ಉದ್ದೇಶ ಬರೆಯುವಾಗ ಮಗನ ಮನೆಖರ್ಚಿಗೆ ಎಂದು ಬರೆದು, ಒಳಗೊಳಗೆ ಇದಕ್ಕೆಂದೇ ಕಳುಹಿಸಿದರೆ ಸಹಿ ನಿಮ್ಮದೇ ಆಗಿರುತ್ತದೆ. ಬ್ಯಾಂಕಿನಲ್ಲಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಸಾಲು. ಹವ್ಯಾಸಕ್ಕಾಗಿ ಆಡಿ ಗೆದ್ದ ಹಣಕ್ಕೆ ಕೆನಡಾದಲ್ಲಿ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ಅವನು ಮುಂದೆ ಊರಿಗೆ ಮರಳಿ ಇಲ್ಲಿನ ನಿವಾಸಿಯಾದರೆ ಆನ್‌ಲೈನ್ ಆಟದ ಗೆಲುವಿಗೆ ಇಲ್ಲಿ ಶೇ. 30ರ ದರವಿದೆ.

ಸುರತ್ಕಲ್ ಅಮ್ಮ

ಟೊರೊಂಟೊದ ತಮ್ಮನಿಗೆ ನನ್ನದೊಂದು ಪ್ರಶ್ನೆ. ನನ್ನ ಮಗ ಅಲ್ಲಿ ಓದುತ್ತಿದ್ದಾನೆ. ಅವನ ಜೀವನ ನಿರ್ವಹಣೆಗೆಂದು ಅಲ್ಲಿನ ಸರಕಾರ ತೋರಿಸಲು ಹೇಳಿದ 22,895 ಡಾಲರ್ ಹೊಂದಿಸುವಷ್ಟರಲ್ಲಿ ನಮಗೆ ಸಾಕುಬೇಕಾಗಿದೆ. ಜೊತೆಗಿರುವ ಹುಡುಗನೊಬ್ಬ, “ನನ್ನ ಬ್ಯಾಂಕಿನ ಮಿತಿ ಮುಗಿದಿದೆ, ನಿನ್ನ ಇಂಟರಾಕ್‌ನಿಂದ ನನ್ನ ಕ್ಯಾಸಿನೊ ಖಾತೆಗೆ 200 ಡಾಲರ್ ಹಾಕು, ನಾಳೆ ನಗದು ಕೊಡುತ್ತೇನೆ” ಎಂದನಂತೆ. ಸ್ನೇಹಕ್ಕೆ ಹಾಕಬಹುದೇ ಎಂದು ಮಗ ಕೇಳಿದ. ನಾನು ಬೇಡವೆಂದೆ, ಆದರೆ ಏಕೆ ಬೇಡವೆಂದು ಹೇಳಲು ನನಗೆ ತಿಳಿಯಲಿಲ್ಲ.

ಟೊರೊಂಟೊ ಕರಾವಳಿ

ಅಕ್ಕಾ, ನೀವು ಹೇಳಿದ್ದೇ ಸರಿ. ಹಣ ಬಂದ ಬ್ಯಾಂಕ್ ಖಾತೆಯ ಹೆಸರೂ ಕ್ಯಾಸಿನೊ ಖಾತೆಯ ಹೆಸರೂ ಒಂದೇ ಆಗಿರಬೇಕೆಂಬುದು ಎಲ್ಲೆಡೆಯ ನಿಯಮ. ಹೆಸರು ತಾಳೆಯಾಗದಿದ್ದರೆ ಹಣವನ್ನು ತಡೆಹಿಡಿದು ದಾಖಲೆ ಕೇಳುತ್ತಾರೆ. ಕೆಲವೊಮ್ಮೆ ಖಾತೆಯನ್ನೇ ಮುಚ್ಚುತ್ತಾರೆ. ಇದು ಕೇವಲ ಕ್ಯಾಸಿನೊದ ಹಟವಲ್ಲ. ಕೆನಡಾದಲ್ಲಿ ಕಪ್ಪುಹಣದ ಮೇಲೆ ಕಣ್ಣಿಡುವ ಫಿನ್‌ಟ್ರಾಕ್ ಎಂಬ ಸಂಸ್ಥೆಗೆ ಕ್ಯಾಸಿನೊಗಳು ಲೆಕ್ಕ ಒಪ್ಪಿಸಬೇಕು. 24 ಗಂಟೆಗಳಲ್ಲಿ 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ನಗದು ಬಂದರೆ ವರದಿ ಕಡ್ಡಾಯ, ಅನುಮಾನ ಹುಟ್ಟಿದರೆ ಮೊತ್ತ ಎಷ್ಟೇ ಇದ್ದರೂ ವರದಿ ಹೋಗುತ್ತದೆ. ಬೇರೆಯವರ ಪರವಾಗಿ ಹಣ ಸಾಗಿಸಿ ನಗದು ಪಡೆದ ವಿದ್ಯಾರ್ಥಿಯ ಖಾತೆ ಬ್ಯಾಂಕಿನ ಕಣ್ಣಿಗೆ ಹೇಗೆ ಕಾಣುತ್ತದೆಂದು ನೀವೇ ಊಹಿಸಿ. ಆ ಹುಡುಗನ ಬ್ಯಾಂಕಿನ ಮಿತಿ ಮುಗಿದಿದೆ ಎಂಬ ಮಾತನ್ನೂ ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. 3,000 ಡಾಲರಿನ ದಿನದ ಮಿತಿಯನ್ನು ವಿದ್ಯಾರ್ಥಿಯೊಬ್ಬ ನಿಜವಾಗಿಯೂ ಮುಗಿಸಿದ್ದರೆ ಅದು ಇನ್ನೂ ದೊಡ್ಡ ಸಮಸ್ಯೆ. ಅಂದಹಾಗೆ ಒಂಟಾರಿಯೊದಲ್ಲಿ ಆಡಲು 19 ತುಂಬಿರಬೇಕು. ಕ್ವಿಬೆಕ್, ಆಲ್ಬರ್ಟಾ, ಮ್ಯಾನಿಟೋಬಾಗಳಲ್ಲಿ 18.

ಕಟಪಾಡಿ ನಿವೃತ್ತ

ಇಬ್ಬರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗನಿಗೆ ಫೋನಿನಲ್ಲಿ ಪೂರ್ತಿಯಾಗಿ ಓದಿ ಹೇಳಿದೆ. ಕನಿಷ್ಠ 10 ಡಾಲರ್ ಎಂಬಲ್ಲಿ ನನ್ನ ಮನಸ್ಸು ನಿಂತಿತು. ನಮ್ಮ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸುತ್ತಿದ್ದರು. ಚಿಕ್ಕ ಮೊತ್ತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ವರ್ಷದ ಕೊನೆಗೆ ಅದು ಗಂಟಾಗಿರುತ್ತದೆ ಎಂಬ ಮನುಷ್ಯ ಸ್ವಭಾವವೇ ಅದರ ಬಂಡವಾಳವಾಗಿತ್ತು. ಕ್ಯಾಸಿನೊದವರೂ ಅದೇ ಸ್ವಭಾವವನ್ನು ಓದಿಕೊಂಡಿದ್ದಾರೆ, ಗಂಟು ಮಾತ್ರ ಅವರ ಬಳಿ ಉಳಿಯುತ್ತದೆ. ಮಗನ ಹಿಂದಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟುಗಳನ್ನು ಕೂಡಿಸಲು ಹೇಳಿದ್ದೆ. ಕೂಡಿಸಿದ. ಮೊತ್ತವನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಕ್ರೆಡಿಟ್ ಕಾರ್ಡನ್ನು ಆ ಖಾತೆಯಿಂದ ತೆಗೆದುಹಾಕಿದ್ದಾನೆ. ಇನ್ನು ಹಾಕುವುದಿದ್ದರೆ ಇಂಟರಾಕ್‌ನಲ್ಲಿ, ವಾರಕ್ಕೆ 40 ಡಾಲರ್ ಎಂಬ ಮಿತಿಯನ್ನು ತಾನೇ ಗೊತ್ತುಮಾಡಿಕೊಂಡಿದ್ದಾನಂತೆ. ತಾನೇ ಹಾಕಿದ ಮಿತಿಯನ್ನು ತಾನೇ ಏರಿಸಿಕೊಳ್ಳಲು ಅವರು ಬಿಡುತ್ತಾರೆಯೇ? ಇನ್ನೊಂದು ಸಂಶಯ: ಹಳೆಯ ಬಾಕಿಯನ್ನೆಲ್ಲ ತೀರಿಸಿ ಆಗಿದೆ, ಮುಂದಿನ ಬಿಲ್ಲಿನಲ್ಲಿ ಮತ್ತೆ ಬಡ್ಡಿ ಕಾಣಬಾರದಲ್ಲವೇ?

ಟೊರೊಂಟೊ ಕರಾವಳಿ

ಒಂಟಾರಿಯೊದ ನೋಂದಾಯಿತ ತಾಣಗಳು ಹಣದ ಮಿತಿ, ಸಮಯದ ಮಿತಿ ಎರಡನ್ನೂ ಆಟಗಾರ ಸುಲಭವಾಗಿ ಹಾಕಿಕೊಳ್ಳಲು ವ್ಯವಸ್ಥೆ ಮಾಡಲೇಬೇಕು. ಮಿತಿಯನ್ನು ಇಳಿಸಿದರೆ ಕೂಡಲೇ ಜಾರಿಯಾಗುತ್ತದೆ. ಏರಿಸಲು ಕೇಳಿದರೆ ಕನಿಷ್ಠ 24 ಗಂಟೆ ಕಾಯಬೇಕು. ಆ ಒಂದು ದಿನದಲ್ಲಿ ಸೋತ ಬಿಸಿ ಆರುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಹಾಗೆಯೇ ಇದು ಒಂದು ತಾಣಕ್ಕೆ ಮಾತ್ರ ಅನ್ವಯಿಸುವ ಮಿತಿ. ಪಕ್ಕದ ತಾಣದಲ್ಲಿ ಇನ್ನೊಂದು ಖಾತೆ ತೆರೆದರೆ ಇದು ಅಲ್ಲಿಗೆ ಬರುವುದಿಲ್ಲ. ಆದ್ದರಿಂದ ಬ್ಯಾಂಕಿನಲ್ಲಿಯೇ ಇ-ಟ್ರಾನ್ಸ್‌ಫರ್‌ನ ದಿನದ ಮಿತಿಯನ್ನು ಇಳಿಸಲು ಸಾಧ್ಯವೇ ಎಂದು ಕೇಳಿನೋಡಲಿ.

ಬಡ್ಡಿ ಇನ್ನೊಂದು ಬಾರಿ ಕಾಣಬಹುದು, ಗಾಬರಿಯಾಗಬೇಡಿ. ಸ್ಟೇಟ್‌ಮೆಂಟ್ ಸಿದ್ಧವಾದ ದಿನದಿಂದ ಅವನು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಆ ಬಿಲ್ಲಿನಲ್ಲಿ ಸೇರಿರುವುದಿಲ್ಲ, ಮುಂದಿನದರಲ್ಲಿ ಬರುತ್ತದೆ. ಕೆಲವು ಡಾಲರಿನ ಮಾತು. ಅದನ್ನೂ ಕಟ್ಟಿದ ಮೇಲೆ, ಅದರ ಮುಂದಿನ ತಿಂಗಳಲ್ಲೂ ಬಡ್ಡಿಯ ಸಾಲು ಕಂಡರೆ ಆಗ ಬ್ಯಾಂಕಿಗೆ ಫೋನ್ ಮಾಡಲು ಹೇಳಿ.