ಪಂಚಾಯಿತಿ ಪ್ರಚಾರಕ್ಕೆ ಹೊರಟ ವಿದ್ಯಾರ್ಥಿಗಳು: ತಹಶೀಲ್ದಾರ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗ್ರಾಮ ಪಂಚಾಯಿತಿ ಪ್ರಚಾರಕ್ಕೆ ಹೋಗುತ್ತಿರುವ ವಿದ್ಯಾರ್ಥಿಗಳು ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಕೆಲವರಿಗೆ ಕಾಲೇಜಿನ ಪ್ರಾಜೆಕ್ಟ್, ಕೆಲವರಿಗೆ ಊರಿನ ಮೇಲಿನ ಅಭಿಮಾನ. ಇವತ್ತು ನಿವೃತ್ತ ತಹಶೀಲ್ದಾರ್ ಒಬ್ಬರು ಉತ್ತರಿಸುತ್ತಾರೆ. ತಾಲ್ಲೂಕಿನ ಪಂಚಾಯಿತಿ ಚುನಾವಣೆಗಳನ್ನು ಹಲವು ಸಲ ನಡೆಸಿದವರು. ಮೇಲಿನ ಉತ್ತರ ಓದಿ ಆಮೇಲೆ ಕೇಳಿ.

ಬಿಎ ಎರಡನೇ ವರ್ಷದ ವಿದ್ಯಾರ್ಥಿನಿ: ಸರ್, ಹತ್ತು ದಿನ ಒಬ್ಬ ಅಭ್ಯರ್ಥಿಯ ಜೊತೆ ಓಡಾಡಿ ವರದಿ ಬರೆಯಬೇಕು. ನನಗೆ ಕರಪತ್ರ ಹಂಚುವುದು ಬಿಟ್ಟು ಬೇರೆ ಕೆಲಸ ಕೊಡ್ತಿಲ್ಲ. ಇದರಲ್ಲಿ ಕಲಿಯೋದು ಏನಿದೆ?

ತಹಶೀಲ್ದಾರ್ ಸರ್: ಮತದಾರರ ಪಟ್ಟಿಯ ಒಂದು ಪ್ರತಿ ಕೇಳಿ ತಗೊಳ್ಳಿ. ಕ್ರಮ ಸಂಖ್ಯೆ ಹಿಡಿದು ಮನೆ ಮನೆಗೆ ಹೋಗಿ. ಪಟ್ಟಿಯಲ್ಲಿರುವ ಅಜ್ಜಿ ತೀರಿಹೋಗಿ ವರ್ಷವಾಗಿರುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಬೆಂಗಳೂರಿಗೆ ದುಡಿಯಲು ಹೋದ ಅಣ್ಣತಮ್ಮಂದಿರು ಮತದಾನಕ್ಕೆ ಬರುತ್ತಾರೋ ಇಲ್ಲವೋ ಅಂತ ಅವರ ಅಮ್ಮನಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಒಂದೆರಡು ಮತದಲ್ಲಿ ಗೆದ್ದವರನ್ನು ನಾನೇ ನೋಡಿದ್ದೇನೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ಹಾಗಾಗಿ ಒಂದು ಹೆಸರು ಬಿಟ್ಟುಹೋಗಿದ್ದರೂ ಅಲ್ಲಿ ಅದು ದೊಡ್ಡ ವಿಷಯ.

ಜನ ಏನು ಕೇಳಿದರು ಅನ್ನುವುದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಚರಂಡಿ, ಬೀದಿ ದೀಪ, ಇ-ಸ್ವತ್ತು ಅಂದರೆ ಮನೆ-ನಿವೇಶನದ ಆಸ್ತಿ ದಾಖಲೆ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್. ರಾತ್ರಿ ಕೂತು, ಇದರಲ್ಲಿ ಯಾವುದು ಸದಸ್ಯರ ಕೈಯಲ್ಲಿದೆ, ಯಾವುದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಯಲ್ಲಿದೆ, ಯಾವುದು ಪಂಚಾಯಿತಿಗೆ ಸಂಬಂಧವೇ ಇಲ್ಲ ಅಂತ ಬೇರೆ ಬೇರೆ ಮಾಡಿ. ಇನ್ನೊಂದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ನಿಮ್ಮ ಅಭ್ಯರ್ಥಿ ಮಹಿಳೆಯಾದರೆ, ಜನ ಕೇಳಿದ ಪ್ರಶ್ನೆಗೆ ಉತ್ತರ ಯಾರ ಬಾಯಿಂದ ಬಂತು ಅಂತ ಪ್ರತಿ ಮನೆಯಲ್ಲೂ ಗುರುತು ಹಾಕಿ. ಅವರೋ, ಅವರ ಗಂಡನೋ. ನಿಮ್ಮ ವರದಿಗೆ ಅದೊಂದೇ ಸಾಕು.

ಪಿಯು ವಿದ್ಯಾರ್ಥಿ: ನನಗೆ 17. ಬೈಕ್ ರ‍್ಯಾಲಿಗೆ ಕರೀತಿದ್ದಾರೆ. ಹೋಗಬಹುದಾ ಸರ್?

ತಹಶೀಲ್ದಾರ್ ಸರ್: ಬೇಡ. ನಿಮಗೆ ಬೈಕ್ ಲೈಸೆನ್ಸೂ ಇಲ್ಲ. 17 ತುಂಬಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ಮುಂಚೆಯೇ ಸಲ್ಲಿಸಬಹುದು, 18 ಆದ ಮೇಲೆ ಹೆಸರು ಸೇರುತ್ತದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ 18 ತುಂಬಿದೆಯಾ ಅಂತ ನೋಡುವ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು ಇವೆ. ಅದನ್ನು ಮಾಡಿ.

ಬಿಕಾಂ ವಿದ್ಯಾರ್ಥಿ: ಸರ್, ನಮ್ಮ ತಂಡದಲ್ಲಿ ಈ ಮೆಸೇಜ್ ಎಲ್ಲರಿಗೂ ಕಳಿಸಿ ಅಂದಿದ್ದಾರೆ. ‘ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಆಧಾರ್ ತೋರಿಸಿ ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ಟೆಂಡರ್ ವೋಟ್ 14% ದಾಟಿದರೆ ಮರು ಮತದಾನ.’ ಕಳಿಸಲಾ?

ತಹಶೀಲ್ದಾರ್ ಸರ್: ಕಳಿಸಬೇಡಿ. ಪ್ರತಿ ಚುನಾವಣೆಯಲ್ಲೂ ಇದು ಬರುತ್ತದೆ, ಪ್ರತಿ ಸಲವೂ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ಆಧಾರ್ ಇರಲಿ, ಏನೇ ಇರಲಿ. ಚಾಲೆಂಜ್ ಅಂದರೆ, ಬಂದವನು ಪಟ್ಟಿಯಲ್ಲಿರುವ ಆ ಮತದಾರನಲ್ಲ ಅಂತ ಅಭ್ಯರ್ಥಿಯ ಏಜೆಂಟ್ ಆಕ್ಷೇಪ ಎತ್ತುವುದು. ಹೆಸರು ಇಲ್ಲದವರಿಗೆ ಮತ ಕೊಡಿಸುವ ದಾರಿ ಅಲ್ಲ ಅದು. ಟೆಂಡರ್ ಮತ ಅಂದರೆ, ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಹಾಕಿಹೋಗಿದ್ದರೆ ನಿಮಗೆ ಕೊಡುವ ಪ್ರತ್ಯೇಕ ಮತಪತ್ರ. 14% ಅನ್ನುವ ನಿಯಮ ಎಲ್ಲೂ ಇಲ್ಲ. ಇದನ್ನು ನಂಬಿ ವಯಸ್ಸಾದವರು ಬಿಸಿಲಲ್ಲಿ ಸಾಲಿನಲ್ಲಿ ನಿಂತು, ಕೊನೆಗೆ ಮತಗಟ್ಟೆ ಸಿಬ್ಬಂದಿ ಜೊತೆ ಜಗಳ ಆಡಿ, ಅಳುತ್ತಾ ಮನೆಗೆ ಹೋಗಿದ್ದಾರೆ. ಹೆಸರು ಇದೆಯಾ ಅಂತ ಈಗಲೇ ನೋಡಿ.

ಇನ್ನೊಬ್ಬ ವಿದ್ಯಾರ್ಥಿನಿ: ನಮ್ಮ ತಂದೆ ಸರ್ಕಾರಿ ಶಾಲೆ ಮೇಷ್ಟ್ರು. ನಾನು ಪ್ರಚಾರಕ್ಕೆ ಹೋದರೆ ಅವರಿಗೆ ತೊಂದರೆ ಆಗುತ್ತಾ?

ತಹಶೀಲ್ದಾರ್ ಸರ್: ನಿಮಗೆ 18 ಆಗಿದ್ದರೆ ಅದು ನಿಮ್ಮ ಹಕ್ಕು. ಆದರೆ ಅಪ್ಪನ ಸ್ಕೂಟರ್‌ಗೆ ಸ್ಟಿಕ್ಕರ್ ಅಂಟಿಸಬೇಡಿ, ಮನೆ ಗೋಡೆಗೆ ಚಿಹ್ನೆ ಹಾಕಬೇಡಿ. ಅದು ಅವರ ತಲೆಗೆ ಬರುತ್ತದೆ. ಅವರನ್ನು ಸಭೆಗೂ ಕರೆದುಕೊಂಡು ಹೋಗಬೇಡಿ.

ಒಬ್ಬ ಪೋಷಕರು: ಮಕ್ಕಳನ್ನು ಓದಲಿಕ್ಕೆ ಕಳಿಸಿದರೆ ಕಾಲೇಜಿನವರು ಪ್ರಚಾರಕ್ಕೆ ಕಳಿಸ್ತಾರೆ. ಇದಕ್ಕೆ ಪ್ರಾಜೆಕ್ಟ್ ಅಂತ ಹೆಸರು ಬೇರೆ. ನಾಳೆ ಗಲಾಟೆ ಆದರೆ ಯಾರು ಹೊಣೆ?

ರಾಜ್ಯಶಾಸ್ತ್ರ ಉಪನ್ಯಾಸಕಿ: ಸರ್, ನಾನೂ ಇಂಥ ಪ್ರಾಜೆಕ್ಟ್ ಕೊಡುತ್ತೇನೆ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು ಅಂತ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೀತಾರೆ. ತಮ್ಮ ವಾರ್ಡಿನ ಸದಸ್ಯರು ಯಾರು ಅಂದರೆ ಗೊತ್ತಿರಲ್ಲ. ಯಾವ ಪಕ್ಷ, ಯಾವ ಅಭ್ಯರ್ಥಿ ಅಂತ ನಾವು ಹೇಳುವುದಿಲ್ಲ. ಹುಡುಗಿಯರು ಇಬ್ಬಿಬ್ಬರಾಗಿಯೇ ಹೋಗಬೇಕು, ಕತ್ತಲಾಗುವ ಮೊದಲು ಮನೆಯಲ್ಲಿರಬೇಕು ಅಂತ ಬರೆದು ಕೊಡ್ತೇವೆ.

ಪೋಷಕರು: ಬರೆದು ಕೊಟ್ಟರೆ ಮುಗೀತಾ ಮೇಡಂ? ನಿಮ್ಮ ಮಕ್ಕಳನ್ನು ಕಳಿಸ್ತೀರಾ?

ಉಪನ್ಯಾಸಕಿ: ಕಳಿಸಿದ್ದೇನೆ. ಹೋದ ಸಲ ನನ್ನ ಮಗಳೇ ಹೋಗಿದ್ದಳು.

ಮಾಜಿ ಪಂಚಾಯಿತಿ ಸದಸ್ಯರು: ಪಕ್ಷ ಅಂತ ಯಾಕೆ ಬಂತು ಮಾತು? ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷವೇ ಇಲ್ಲ. ಮೇಡಂ ಮೊದಲು ಅದನ್ನು ಪಾಠ ಮಾಡಲಿ.

ಬಿಕಾಂ ವಿದ್ಯಾರ್ಥಿ: ಅಣ್ಣಾ, ಪಕ್ಷ ಇಲ್ಲ ಅಂತ ಯಾರಿಗೆ ಹೇಳ್ತೀರಾ? ನಮ್ಮೂರಲ್ಲಿ ಯಾರು ಯಾವ ಪಕ್ಷದವರು ಅಂತ ಸಣ್ಣ ಮಕ್ಕಳಿಗೂ ಗೊತ್ತು.

ಮಾಜಿ ಸದಸ್ಯರು: ಗೊತ್ತಿರೋದು ಬೇರೆ, ಕಾನೂನು ಬೇರೆ. ನಾನು ಎರಡು ಸಲ ಗೆದ್ದಿದ್ದೇನೆ, ಯಾವ ಪಕ್ಷದವರ ಮುಂದೆಯೂ ಕೈ ಕಟ್ಟಿ ನಿಂತವನಲ್ಲ. ನಿನ್ನೆ ಮೊನ್ನೆ ಬಂದವರು ಪಾಠ ಹೇಳಬೇಡಿ.

ತಹಶೀಲ್ದಾರ್ ಸರ್: ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಅಭ್ಯರ್ಥಿಗೆ ಚುನಾವಣಾಧಿಕಾರಿ ಬೇರೆ ಚಿಹ್ನೆ ಕೊಡುತ್ತಾರೆ. ಪಕ್ಷದ ಬಾವುಟ, ಶಾಲು ಹಾಕಿಕೊಂಡು ವಿದ್ಯಾರ್ಥಿಗಳು ಹೋಗಬೇಡಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುತ್ತದೆ. ಇಷ್ಟೇ. ಉಳಿದ ಜಗಳ ಇಲ್ಲಿ ಬೇಡ.

ಎಂಎ ವಿದ್ಯಾರ್ಥಿ: ಸರ್, ಬೇರೆ ಹಳ್ಳಿಯ ವಿದ್ಯಾರ್ಥಿ ಮತಗಟ್ಟೆ ಏಜೆಂಟ್ ಆಗಬಹುದಾ?

ಗುಂಪಿನ ಇನ್ನೊಬ್ಬ ಸದಸ್ಯ: ಸರ್, ಹೆಸರು ಇಲ್ಲದಿದ್ದರೂ ಆಧಾರ್ ತೋರಿಸಿ ಮತ ಹಾಕಬಹುದಂತೆ, ನಿಜವಾ?

ತಹಶೀಲ್ದಾರ್ ಸರ್: ಇಲ್ಲ. ಮೇಲೆ ಓದಿ.

ಡಿಗ್ರಿ ಅಂತಿಮ ವರ್ಷದ ವಿದ್ಯಾರ್ಥಿ: ಸರ್, ಇಲ್ಲಿ ಹೇಳಲಿಕ್ಕೂ ಭಯ ಆಗ್ತಿದೆ. ನಿನ್ನೆ ಸಂಜೆ ಅಭ್ಯರ್ಥಿ ಕಡೆಯವರೊಬ್ಬರು ನನ್ನ ಖಾತೆಗೆ ಯುಪಿಐ ಮೂಲಕ 48,000 ರೂಪಾಯಿ ಹಾಕಿದ್ದಾರೆ. ಒಂದು ನೋಟ್‌ಬುಕ್ ಕೊಟ್ಟಿದ್ದಾರೆ. ಅದರಲ್ಲಿ ಮನೆ ಯಜಮಾನರ ಹೆಸರು, ಜಾತಿ, ಮನೆಯಲ್ಲಿ ಎಷ್ಟು ಮತ, ಮೊಬೈಲ್ ನಂಬರ್. ಒಟ್ಟು 96 ಮತ, ಒಂದಕ್ಕೆ 500. ಮತದಾನದ ಹಿಂದಿನ ರಾತ್ರಿ ಒಬ್ಬೊಬ್ಬರಿಗೇ ಕಳಿಸಬೇಕಂತೆ. ‘ನೀನು ಓದಿದವನು, ಲೆಕ್ಕ ಸರಿಯಾಗಿ ಇಡ್ತೀಯ’ ಅಂದರು. ಅವರು ನಮ್ಮ ದೊಡ್ಡಪ್ಪನಿಗೆ ಬೇಕಾದವರು. ನಾನು ಹೋಗಿದ್ದು ಪ್ರಾಜೆಕ್ಟಿಗೆ. ಏನು ಮಾಡಲಿ?

ತಹಶೀಲ್ದಾರ್ ಸರ್: ತಮ್ಮಾ, ಮೊದಲು ಒಂದು ಮಾತು. ಆ ಹಣದಲ್ಲಿ ಒಂದು ರೂಪಾಯಿಯೂ ಆಚೆ ಕಳಿಸಬೇಡಿ. ಟೀ ಕುಡಿಯಲಿಕ್ಕೂ ಮುಟ್ಟಬೇಡಿ. ಇಲ್ಲಿ ಹೇಳಿದ್ದು ಒಳ್ಳೆಯದಾಯಿತು. ಭಯ ಪಡುವುದು ಸಹಜ, ಆದರೆ ಇನ್ನೂ ಕೈ ಮೀರಿಲ್ಲ.

ಈಗ ನಿಮ್ಮನ್ನು ಯಾಕೆ ಆರಿಸಿದ್ದಾರೆ ಅಂತ ತಿಳಿದುಕೊಳ್ಳಿ. ಓದಿದವರು ಅಂತ ಅಲ್ಲ. ಮೊದಲೆಲ್ಲ ನೋಟು ಕವರಿನಲ್ಲಿ ಹೋಗುತ್ತಿತ್ತು, ಹಿಡಿಯಬೇಕಾದರೆ ಆ ರಾತ್ರಿ ಆ ಬೀದಿಯಲ್ಲೇ ನಾವು ಇರಬೇಕಿತ್ತು. ಈಗ ಯುಪಿಐನಲ್ಲಿ ಕಳಿಸಿದರೆ ನಿಮ್ಮ ಖಾತೆಯ ದಾಖಲೆಯಲ್ಲಿ ಸಾಲು ಸಾಲಾಗಿ ಬರುತ್ತದೆ. ದಿನಾಂಕ, ಗಂಟೆ, ಪಡೆದವರ ಹೆಸರು ಸಮೇತ. ಅಭ್ಯರ್ಥಿಯ ಹೆಸರು ಅದರಲ್ಲಿ ಎಲ್ಲಿದೆ ಹೇಳಿ? ಎಲ್ಲೂ ಇಲ್ಲ. ನಿಮ್ಮ ಖಾತೆಗೆ ಹಾಕಿದವನ ನಂಬರ್ ಯಾರದೋ ಇರುತ್ತದೆ. ತನಿಖೆ ಬಂದರೆ ಮೊದಲು ಸಿಗುವವರು ನೀವು.

ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಮತಕ್ಕಾಗಿ ಹಣ ಕೊಡುವುದೂ ಲಂಚ, ತೆಗೆದುಕೊಳ್ಳುವುದೂ ಲಂಚ. 173ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ರ ಮೊದಲು ಇದೇ ಅಪರಾಧ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ 171ಬಿ, 171ಇ ಅಡಿ ಬರುತ್ತಿತ್ತು. ಪಂಚಾಯಿತಿ ಚುನಾವಣೆ ಸಣ್ಣದು, ಇದೆಲ್ಲ ಅನ್ವಯಿಸಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಖಾತೆ ತಡೆಹಿಡಿದರೆ ನಿಮ್ಮ ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಅಂತಿಮ ವರ್ಷ ಅಂದಿರಿ. ನಾಳೆ ಸರ್ಕಾರಿ ಕೆಲಸ ಸಿಕ್ಕಾಗ ಪೊಲೀಸ್ ಪರಿಶೀಲನೆಗೆ ಹೋಗುವುದು ನಿಮ್ಮ ಹೆಸರು, ಆ ಪುಣ್ಯಾತ್ಮರದಲ್ಲ.

ಮಾಡಬೇಕಾದ್ದು ಇದು. ಇವತ್ತೇ ಮನೆಯಲ್ಲಿ ಅಪ್ಪನಿಗೆ ಹೇಳಿ. ದೊಡ್ಡಪ್ಪನಿಗೆ ಆಮೇಲೆ. ಬೆಳಗ್ಗೆ ಅಪ್ಪನ ಜೊತೆ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ, ‘ಈ ಹಣ ನನ್ನದಲ್ಲ, ಬಂದ ಖಾತೆಗೇ ವಾಪಸ್ ಮಾಡಿ’ ಅಂತ ಬರೆದು ಕೊಡಿ. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ನೋಟ್‌ಬುಕ್ ಹರಿಯಬೇಡಿ, ಫೋಟೊ ತೆಗೆದು ಗೆಳೆಯರಿಗೆ ಕಳಿಸಬೇಡಿ. ಅದರಲ್ಲಿ ಇರುವುದು ಬೇರೆಯವರ ಜಾತಿ, ನಂಬರ್. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ವಕೀಲರನ್ನು ಕಂಡು, ಅವರ ಸಲಹೆ ಪಡೆದು, ಚುನಾವಣಾಧಿಕಾರಿಗೆ ಅಥವಾ ತಹಶೀಲ್ದಾರರಿಗೆ ದೂರು ಕೊಡಿ. ಚುನಾವಣಾ ಅಕ್ರಮದ ದೂರು ಕೊಡುವ ಸಿ-ವಿಜಿಲ್ ಆ್ಯಪ್ ಭಾರತ ಚುನಾವಣಾ ಆಯೋಗದ್ದು, ಲೋಕಸಭೆ ವಿಧಾನಸಭೆಗೆ. ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಕೆಳಗೆ ಬರುತ್ತದೆ.

ಮಾಜಿ ಸದಸ್ಯರು: ಇಷ್ಟೆಲ್ಲ ರಾದ್ಧಾಂತ ಯಾಕೆ? ಸುಮ್ನೆ ಅವರು ಹೇಳಿದ ನಂಬರಿಗೆ ವಾಪಸ್ ಹಾಕಿ ಕೈ ತೊಳ್ಕೊಳ್ಳಲಿ. ದೂರು ಗೀರು ಅಂದರೆ ಊರಲ್ಲಿ ಬಾಳಬೇಕಾದವನು ಆ ಹುಡುಗ. ನೀವಲ್ಲ.

ತಹಶೀಲ್ದಾರ್ ಸರ್: ‘ಅವರು ಹೇಳಿದ ನಂಬರಿಗೆ’ ಅನ್ನುವುದೇ ಅಪಾಯ. ಬೇರೆ ನಂಬರಿಗೆ ಹಾಕಿದರೆ ಹಣ ಇವನ ಕೈಯಿಂದ ಇನ್ನೊಬ್ಬರಿಗೆ ಹೋದ ಹಾಗೆ ಆಗುತ್ತದೆ. ತಿಳಿಯದ ವಿಷಯಕ್ಕೆ ಹುಡುಗನ ಭವಿಷ್ಯ ಇಟ್ಟು ಸಲಹೆ ಕೊಡಬೇಡಿ.

ಮಾಜಿ ಸದಸ್ಯರು: ಎರಡು ಸಲ ಗೆದ್ದವನಿಗೆ ತಿಳಿಯದ್ದು ಆಫೀಸಲ್ಲಿ ಕೂತವರಿಗೆ ತಿಳಿದಿದೆ.

ಪೋಷಕರು: ನೋಡಿದ್ರಾ ಮೇಡಂ, ನಿಮ್ಮ ಪ್ರಾಜೆಕ್ಟ್.

ಉಪನ್ಯಾಸಕಿ: ನೋಡಿದೆ. ಅವನು ಕೇಳುವ ಧೈರ್ಯ ಮಾಡಿದ. ಊರ ಹಿರಿಯರು ಇಷ್ಟು ವರ್ಷ ಮಾಡಲಿಲ್ಲ.

ಮಾಜಿ ಸದಸ್ಯರು: ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ಎಲ್ಲರೂ ದಯವಿಟ್ಟು ವಿಷಯಕ್ಕೆ ಬನ್ನಿ.

ಬಿಎಸ್ಸಿ ವಿದ್ಯಾರ್ಥಿ: ಸರ್, ಮತ ಹಾಕುವ ಮೊದಲು ಬೆರಳಿಗೆ ಏನೋ ಹಚ್ಚಿಕೊಂಡರೆ ಶಾಯಿ ಹೋಗುತ್ತೆ ಅಂತ ವಿಡಿಯೊ ಬಂದಿದೆ. ಕೆಲವರು ಪಪ್ಪಾಯಿ ಹಾಲು ಅಂತಾರೆ, ಕೆಲವರು ಬ್ಲೀಚ್. ಕೆಲಸ ಮಾಡುತ್ತಾ?

ತಹಶೀಲ್ದಾರ್ ಸರ್: ಇದನ್ನು ಯಾಕೆ ಕೇಳ್ತೀರಿ? ಎರಡನೇ ಸಲ ಮತ ಹಾಕುವವನಿಗೆ ಬಿಟ್ಟರೆ ಬೇರೆ ಯಾರಿಗೂ ಇದು ಬೇಕಾಗಿಲ್ಲ. ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ. 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯೇ ದೇಶಕ್ಕೆಲ್ಲ ಇದನ್ನು ಕೊಡುತ್ತಿದೆ. ಬ್ಲೀಚ್ ಹಚ್ಚಿದರೆ ಬೆರಳು ಸುಡುತ್ತದೆ. ಬೇರೆಯವರ ಹೆಸರಲ್ಲಿ ಮತ ಹಾಕಲು ಹೋದರೆ ನ್ಯಾಯ ಸಂಹಿತೆಯ 174ನೇ ಕಲಂ ಇದೆ, ಅಲ್ಲೂ ಒಂದು ವರ್ಷದವರೆಗೆ ಜೈಲು. ವಿಡಿಯೊ ಅಳಿಸಿ.

ಬಿಎಸ್ಸಿ ವಿದ್ಯಾರ್ಥಿ: ಸುಮ್ನೆ ಕೇಳಿದೆ ಸರ್.

ಇನ್ನೊಬ್ಬ ವಿದ್ಯಾರ್ಥಿ: ನಾವು ಗೆಳೆಯರು ಸೇರಿ ಸ್ವಂತ ದುಡ್ಡಲ್ಲಿ ಅಭ್ಯರ್ಥಿಗೆ ಕರಪತ್ರ ಮಾಡಿಸಬಹುದಾ?

ತಹಶೀಲ್ದಾರ್ ಸರ್: ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. 176ನೇ ಕಲಂ, 10,000 ರೂಪಾಯಿವರೆಗೆ ದಂಡ. ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕರಪತ್ರದ ಮೇಲೆ ಇರಬೇಕು.

ಬಿಬಿಎ ವಿದ್ಯಾರ್ಥಿ: ಪ್ರಚಾರಕ್ಕೆ ಹೋದರೆ ದಿನಕ್ಕೆ ಎಷ್ಟು ಕೊಡ್ತಾರೆ? ಕಾಲೇಜಲ್ಲಿ ಕ್ರೆಡಿಟ್ ಸಿಗುತ್ತಾ?

ಗುಂಪಿನ ಹೊಸ ಸದಸ್ಯ: ಎಲ್ಲರಿಗೂ ಉಪಯುಕ್ತ ಮಾಹಿತಿ. ಹೆಸರು ಇಲ್ಲದಿದ್ದರೆ ಚಾಲೆಂಜ್ ವೋಟ್ ಕೇಳಿ, ಸೆಕ್ಷನ್ 49ಎ. ತಪ್ಪದೆ ಹಂಚಿ.

ತಹಶೀಲ್ದಾರ್ ಸರ್: ಅಡ್ಮಿನ್, ಇದನ್ನು ತೆಗೆಯಿರಿ. ಮೂರನೇ ಸಲ.

ಡಿಗ್ರಿ ಅಂತಿಮ ವರ್ಷದ ವಿದ್ಯಾರ್ಥಿ: ಸರ್, ಅಪ್ಪನಿಗೆ ಹೇಳಿದೆ. ಮೊದಲು ಬೈದರು, ಆಮೇಲೆ ಪಕ್ಕದಲ್ಲೇ ಕೂತರು. ಅಷ್ಟರಲ್ಲಿ ಹಣ ಹಾಕಿದವರ ಫೋನ್ ಬಂತು. ನನಗೆ ಆಗಲ್ಲ ಅಂದೆ. ಹಾಗಾದರೆ ಈ ನಂಬರಿಗೆ ಹಾಕು ಅಂತ ಬೇರೆ ಒಂದು ನಂಬರ್ ಕಳಿಸಿದ್ದಾರೆ. ಹಾಕಿಲ್ಲ.

ತಹಶೀಲ್ದಾರ್ ಸರ್: ಹಾಕಬೇಡಿ. ಆ ಮೆಸೇಜ್ ಅಳಿಸಲೂ ಬೇಡಿ, ಪ್ರಿಂಟ್ ತೆಗೆದು ದೂರಿನ ಜೊತೆ ಇಡಿ. ಫೋನ್ ಬಂದ ಗಂಟೆ ಬರೆದಿಡಿ. ಬ್ಯಾಂಕ್ ತೆರೆಯುವ ಹೊತ್ತಿಗೆ ನೀವಿಬ್ಬರೂ ಬಾಗಿಲಲ್ಲಿರಿ. ಅಲ್ಲಿಂದ ನೇರ ವಕೀಲರ ಹತ್ತಿರ. ಮುಗಿದ ಮೇಲೆ ನನಗೆ ಇಲ್ಲೇ ತಿಳಿಸಿ, ನಾನು ನೋಡುತ್ತಿರುತ್ತೇನೆ.

ಡಿಗ್ರಿ ಅಂತಿಮ ವರ್ಷದ ವಿದ್ಯಾರ್ಥಿ: ಆಯ್ತು ಸರ್. ಅಪ್ಪ ಆಗಲೇ ಅರ್ಜಿ ಬರೀತಿದ್ದಾರೆ.