‘ಕಮ್ಯುನಿಟಿ’ಗೆ ‘ಸಮುದಾಯ’ ಎಂದರೆ ಅಪಾರ್ಥವಾಗದೇ?

ಮಾನ್ಯರೇ,

ಯುವಜನರ ಹಿಂಸೆಗೂ ಅವರು ಬೆಳೆದ ಜಾಗಕ್ಕೂ ಇರುವ ನಂಟಿನ ಬಗ್ಗೆ ಒಂದು ಉಪನ್ಯಾಸವಿದೆ. ಅದರ ಭಿತ್ತಿಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಯುವಹಿಂಸೆಯ ಮೇಲೆ ಸಮುದಾಯದ ಪ್ರಭಾವ’ ಎಂದು ಬರೆದು, ಮತ್ತೆ ಓದಿ ಬೆಚ್ಚಿದೆ. ಪತ್ರಿಕೆಗಳಲ್ಲಿ ಸಮುದಾಯವೆಂದರೆ ಜಾತಿ ಇಲ್ಲವೇ ಧರ್ಮ. ಓದಿದವರು ‘ಯಾವ ಸಮುದಾಯ?’ ಎಂದೇ ಕೇಳುತ್ತಾರೆ. ವಿಷಯವಾದರೋ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರ ಶಿಕಾಗೋ ಅಧ್ಯಯನ. 1995ರಲ್ಲಿ ಆ ನಗರವನ್ನು 343 ಭಾಗಗಳಾಗಿ ಗುರುತಿಸಿ, 8,782 ನಿವಾಸಿಗಳನ್ನು ಮಾತನಾಡಿಸಿದ್ದರು. ಹುಡುಗರು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತರೆ, ಗೋಡೆಗೆ ಬಣ್ಣ ಗೀಚಿದರೆ ಅಕ್ಕಪಕ್ಕದವರು ತಡೆದಾರೇ ಎಂಬಂಥ ಪ್ರಶ್ನೆಗಳು. ಪರಸ್ಪರ ನಂಬಿಕೆ ಮತ್ತು ಹೀಗೆ ತಡೆಯುವ ಮನಸ್ಸು ಎರಡೂ ಸೇರಿದ್ದೇ ‘ಕಲೆಕ್ಟಿವ್ ಎಫಿಕಸಿ’. ಇದಕ್ಕೂ ಒಂದು ಪದ ಬೇಕು.

*

‘ನೆರೆ’ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ನೆರೆ ಎಂದರೆ ಕೂಡು, ತುಂಬು. ಅದರಿಂದಲೇ ನೆರವಿ, ಅದರಿಂದಲೇ ನೆರವು. ಕೂಡಿದವರೇ ನೆರವಾಗುವವರು. ನಿಮ್ಮ ಸ್ಯಾಂಪ್ಸನ್ 1997ರಲ್ಲಿ ಪ್ರಕಟಿಸಿದ್ದನ್ನು ನಮ್ಮ ಧಾತು ಎಂದೋ ಹೇಳಿದೆ! ‘ನೆರೆ ಮತ್ತು ಹರೆಯದವರ ಹೊಡೆದಾಟ’ ಎಂದು ಹಾಕಿ. ಎಫಿಕಸಿಗೆ ‘ಕೂಡುಬಲ್ಮೆ’. ಮುಗಿಯಿತು.

*

ಮುಗಿಯಲಿಲ್ಲ ಸ್ವಾಮಿ. ಬರಿಯ ‘ನೆರೆ’ ಅಚ್ಚಾದರೆ ಜನ ಪ್ರವಾಹ ಪರಿಹಾರದ ಸಭೆಯೆಂದು ಬರುತ್ತಾರೆ. ‘ನೆರೆಹೊರೆ’ ಎಂದೇ ಇರಲಿ. ‘ಕೇರಿ’ ಬೇಡ, ಅದಕ್ಕೂ ಜಾತಿಯ ನೆನಪು ಅಂಟಿದೆ. ಹೊಡೆದಾಟವಂತೂ ಸಲ್ಲದು, ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡದ್ದರಲ್ಲಿ ಕೊಲೆಗಳೂ ಇವೆ.

‘ಯುವಹಿಂಸೆ’ಯನ್ನು ಯಾರೂ ಮುಟ್ಟಲಿಲ್ಲವಲ್ಲ! ಪ್ರಾಣಿಹಿಂಸೆ ಎಂದರೆ ಪ್ರಾಣಿ ಮಾಡುವ ಹಿಂಸೆಯೇ? ಅಲ್ಲಿ ಷಷ್ಠಿ ಕರ್ಮದ್ದು, ಎಂದರೆ ‘ಪ್ರಾಣಿಯ’ ಎಂಬುದು ಹಿಂಸೆಗೆ ಗುರಿಯಾದದ್ದನ್ನು ಹೇಳುತ್ತದೆ. ಆ ಜಾಡಿನಲ್ಲಿ ಯುವಹಿಂಸೆ ಎಂದರೆ ಯುವಕರನ್ನು ಹಿಂಸಿಸುವುದು. ವಿಶ್ವ ಆರೋಗ್ಯ ಸಂಸ್ಥೆ ‘ಯೂತ್ ವಯಲೆನ್ಸ್’ ಎಂಬ ಮಾತನ್ನು 10ರಿಂದ 29 ವಯಸ್ಸಿನವರ ನಡುವೆ ನಡೆಯುವ ಹಿಂಸೆಗೆ ಬಳಸುತ್ತದೆ. ಹೊಡೆಯುವವನೂ ಹೊಡೆಸಿಕೊಳ್ಳುವವನೂ ಅದರೊಳಗೇ ಇದ್ದಾರೆ. ‘ಯುವಜನರ ನಡುವಿನ ಹಿಂಸೆ’ ಎನ್ನಿ.

ಎಫಿಕಸಿಗೆ ‘ದಕ್ಷತೆ’ ಎನ್ನಬೇಡಿ, ಅದು ಎಫಿಷಿಯೆನ್ಸಿ. ‘ಹೊಣೆಗಾರಿಕೆ’ ಇನ್ನೂ ಕೆಟ್ಟದ್ದು. ಬಡತನ ಒಂದೇ ಕಡೆ ಮಡುಗಟ್ಟಿ, ಜನ ಪದೇ ಪದೇ ಮನೆ ಬದಲಿಸುವ ಕಡೆ ಈ ಶಕ್ತಿ ಕುಂದಿರುತ್ತದೆ, ಹಿಂಸೆ ಹೆಚ್ಚಿರುತ್ತದೆ ಎಂಬುದು ಅಧ್ಯಯನ ಕಂಡದ್ದು. ಅದಕ್ಕೆ ಹೊಣೆಗಾರಿಕೆಯ ಹೆಸರಿಟ್ಟರೆ ತಪ್ಪೆಲ್ಲ ನಿವಾಸಿಗಳ ತಲೆಗೇ ಬರುತ್ತದೆ. ‘ಸಾಮೂಹಿಕ ಸಾಮರ್ಥ್ಯ’ ಸಪ್ಪೆ, ಆದರೆ ಸುಳ್ಳಲ್ಲ.

*

ಎರಡೂ ಎರವಲು. ಹೀಗೇ ಆದರೆ ಕನ್ನಡದಲ್ಲಿ ಕನ್ನಡವೇ ಉಳಿಯುವುದಿಲ್ಲ.

*

‘ಬೀದಿ’ಯೂ ‘ವೀಥಿ’ಯಿಂದ ಬಂದದ್ದು. ಅದನ್ನೂ ಖಾಲಿ ಮಾಡಿಸುತ್ತೀರಾ? ‘ಕೂಡುಬಲ್ಮೆ’ಯನ್ನು ಓದಿ ಉಪನ್ಯಾಸಕ್ಕೆ ಬರುವವರು ನೀವೊಬ್ಬರೇ.

*

ಇಬ್ಬರಿಗೂ ಕೃತಜ್ಞತೆಗಳು. ‘ಯುವಜನರ ನಡುವಿನ ಹಿಂಸೆ: ನೆರೆಹೊರೆಯ ಪಾತ್ರ’ ಎಂದು ರಾತ್ರಿಯೇ ಕಳುಹಿಸಿದೆ. ಈಗ ಕರಡು ಬಂದಿದೆ. ಜಾಗ ಸಾಲದೆ ಅಚ್ಚಿನವರು ಪದವನ್ನು ಒಡೆದು ‘ನೆರೆ’ಯನ್ನು ಮೇಲೆ, ‘ಹೊರೆಯ ಪಾತ್ರ’ವನ್ನು ಕೆಳಗೆ ಇಟ್ಟಿದ್ದಾರೆ. ತಿದ್ದಿಸಲು ಹೊರಟಿದ್ದೇನೆ.