ಹಳೇ ವೀಣೆ ಕೊಳ್ಳೋ ಮುಂಚೆ: ಏಕಾಂಡ, ದಂತ, ರಿಪೇರಿ

ಪ್ರಶ್ನೆ: ಮೈಸೂರಲ್ಲಿ ಒಂದು ವೀಣೆ ಮಾರಾಟಕ್ಕಿದೆ. 1920ರ ಏಕಾಂಡ, ಅಂಚಿಗೆ ಆನೆದಂತ ಅಂತಾರೆ. 1,80,000 ಕೇಳ್ತಿದ್ದಾರೆ. ಕೊಡ (ದುಂಡನೆ ಬುರುಡೆ) ದಂಡಿಗೆ (ಉದ್ದನೆ ಕತ್ತು) ಸೇರುವಲ್ಲಿ ಸಣ್ಣ ಬಿರುಕಿದೆ. ಅನುಭವ ಇದ್ದವರು ಹೇಳಿ. (ಕೆಳಗೆ ಉತ್ತರಿಸಿದವರದ್ದು ಅಡ್ಡಹೆಸರು.)

ಹಲಸಿನ ದಂಡಿ: ಏಕಾಂಡದಲ್ಲಿ ಕೊಡ, ದಂಡಿ ಒಂದೇ ಮರ. ಮೇಲಿನ ಹಲಗೆ ಮಾತ್ರ ಬೇರೆ. ಬಿರುಕು ಮರದ ಎಳೆ ಹಿಡಿದು ಹೋಗಿದ್ದರೆ ಮರ ಸೀಳಿದೆ. ಎಳೆಗೆ ಅಡ್ಡವಾಗಿ ನೆಟ್ಟಗೆ ಸುತ್ತಿದ್ದರೆ ಅದು ಜಾಯಿಂಟು, ಏಕಾಂಡ ಅನ್ನೋದು ಸುಳ್ಳು. ನನ್ನದು ಜಾಯಿಂಟಿನದೇ. ಬಾಯಿಬಿಟ್ಟಾಗ ಬಿಳಿ ಅಂಟು ತುಂಬಿ, ಎರಡು ಸ್ಕ್ರೂ ಹೊಡೆದು 6,500 ತಗೊಂಡರು. ಏಳು ತಂತಿಯ ಎಳೆತಕ್ಕೆ ಆ ಅಂಟು ಮೆಲ್ಲಗೆ ಜಾರಿ, ದಂಡಿ ಬಾಗಿ, ತಂತಿ ಎತ್ತರವಾಗಿ, ಮೇಲಿನ ಸ್ಥಾಯಿಯಲ್ಲಿ ಒತ್ತಿದರೆ ಸ್ವರ ಏರುತ್ತಿತ್ತು. ಬಿಚ್ಚಿ, ಅಂಟು ಕೆರೆದು, ಒಳಗೆ ಮರದ ಗೂಟ ಕೂರಿಸಿ, 24 ಮೆಟ್ಟಿಲಿಗೂ (ತಂತಿ ಒತ್ತೋ ಲೋಹದ ಅಡ್ಡಪಟ್ಟಿ) ಹೊಸ ಮೇಳ ಕಟ್ಟೋಕೆ, ಅಂದರೆ ಮೇಣದಲ್ಲಿ ಮತ್ತೆ ಕೂರಿಸೋಕೆ, 22,000. ದಂತಕ್ಕೆ ಕಾದ ಸೂಜಿ ಮುಟ್ಟಿಸಿ, ಕರಗಿದರೆ ಪ್ಲಾಸ್ಟಿಕ್.

ಬೀಟೆ: ಸೂಜಿ ಸಲಹೆ ವಾಪಸ್ ತಗೊಳ್ಳಿ. ಹಳೇ ನಕಲಿ ದಂತ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಆಗಿದ್ದರೆ ಹೊತ್ತಿಕೊಳ್ಳುತ್ತೆ! ಭೂತಗನ್ನಡಿ ಸಾಕು. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟೋ ಬಾಗಿದ ಗೆರೆಗಳ ಜಾಲ ಕಂಡರೆ ದಂತ, ಸಣ್ಣ ಕಪ್ಪು ಚುಕ್ಕಿ ಇದ್ದರೆ ಮೂಳೆ. ಆದರೆ ನಿಜವಾದ ದಂತ ಇದ್ದರೆ ವ್ಯಾಪಾರವೇ ಬೇಡ, 1972ರ ವನ್ಯಜೀವಿ ಕಾಯ್ದೆಗೆ ಸಿಕ್ಕಿಬೀಳ್ತೀರಿ. ಬೀಟೆಮರದ ನನ್ನ ವೀಣೆಯ ಅಂಚು ಅಕ್ರಿಲಿಕ್ಕು, ನಾದಕ್ಕೆ ಒಂದಿಷ್ಟೂ ಕೊರತೆಯಿಲ್ಲ.

ಹಲಸಿನ ದಂಡಿ: ಅಕ್ರಿಲಿಕ್ ಹಾಕಿದ್ದಕ್ಕೆ ಹಳೇ ವೀಣೆ ಅನ್ನೋದಾ?

ಬೀಟೆ: ಸ್ಕ್ರೂ ಹೊಡೆಸಿದವರು ಮಾತಾಡಬೇಡಿ.

ಅನುಮಂದ್ರ: ಇಬ್ಬರೂ ಸವೆತದ ಮಾತೇ ಎತ್ತಲಿಲ್ಲ. ನಿಜವಾದ ಸವೆತ ಎಲ್ಲ ಕಡೆ ಒಂದೇ ಸಮ ಇರಲ್ಲ. ಎಡಗೈ ಹೆಬ್ಬೆರಳು ಜಾರೋ ದಂಡಿಯ ಬದಿ ನುಣುಪಾಗಿರಬೇಕು, ಬಿರಡೆಯ (ತಂತಿ ಬಿಗಿಯೋ ಗೂಟ) ತೂತು ಅಗಲವಾಗಿರಬೇಕು. ಮೆಟ್ಟಿಲಿನ ಮೇಲೆ, ಹೆಚ್ಚು ನುಡಿಸೋ ಸಾರಣೆ ತಂತಿ ಕೆಳಗೆ ಗಾಡಿಜಾಡಿನಂಥ ಗುಳಿ, ಅತಿ ತಗ್ಗಿನ ಅನುಮಂದ್ರ ತಂತಿಯ ಕೆಳಗೆ ಕಡಿಮೆ. ಬಣ್ಣ ಬಳಿದು ಮುದಿ ಮಾಡಿದ್ದರೆ ಬಿರುಕಿನ ಒಳಗೂ ಬಣ್ಣ ಇಳಿದಿರುತ್ತೆ. ಮೇಣ ಹೊಸದಿದ್ದರೆ ಅನುಮಾನ ಬೇಡ, ಮೇಳ ಮತ್ತೆ ಮತ್ತೆ ಕಟ್ಟೋದೇ. ಪ್ಲಸ್ ತಲೆಯ ಸ್ಕ್ರೂ ಕಂಡರೆ ಅಷ್ಟು ಕೆಲಸ 1930ರ ದಶಕಕ್ಕಿಂತ ಈಚಿನದು. ಮೈಸೂರಿನ ವೈಣಿಕ ವೀಣೆ ಶೇಷಣ್ಣನವರ ಕಾಲದ್ದು ಅಂದರೆ ಅವರು ತೀರಿದ್ದು 1926ರಲ್ಲಿ ಅನ್ನೋದನ್ನ ನೆನಪಿಡಿ. ನೂರು ವರ್ಷ ದಾಟಿದ್ದು ಸಾಬೀತಾದರೆ ಅದು ಪುರಾವಸ್ತು, ವಿದೇಶಕ್ಕೆ ಒಯ್ಯೋಕಾಗಲ್ಲ.

ಬೀಟೆ: ಮೇಣದ ವಿಷಯದಲ್ಲಿ ಒಪ್ಪಲ್ಲ. ಅದಕ್ಕೆ ಬೆರೆಸೋ ರಾಳ ಜಾಸ್ತಿಯಾದರೆ ಚಳಿಗೆ ಸಿಡಿದು ಮೆಟ್ಟಿಲು ಕೀಳುತ್ತೆ, ಕಡಿಮೆಯಾದರೆ ಬಿಸಿಲಲ್ಲಿ ನಿಂತ ಕಾರೊಳಗೆ ಮೆಟ್ಟಿಲು ಕುಸಿಯುತ್ತೆ. ಯಾರು ಕಟ್ಟಿದ್ದು ಅಂತ ಕೇಳಲೇಬೇಕು.

ಅನುಮಂದ್ರ: ಅವರು ಕೇಳಿದ್ದು ವೀಣೆ ಅಸಲಿಯಾ ಅಂತ, ಮೇಣ ಕಟ್ಟಿದವರು ಯಾರು ಅಂತಲ್ಲ. ಬಿರುಕು ಎಳೆ ಹಿಡಿದಿದೆಯಾ, ಅಡ್ಡ ಇದೆಯಾ? ಹತ್ತಿರದ ಫೋಟೋ ಹಾಕಿ, ಟಾರ್ಚ್ ಬೆಳಕು ಪಕ್ಕದಿಂದ ಬೀಳಲಿ.